ವಾಯುಪುತ್ರನಿಗೆ ನಾನು ಹಾಕಿದ ಹೊಗೆ

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನನಗೆ ನಲವತ್ತೆರಡು, ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಚೆಕಿಂಗ್ ಕೆಲಸ. ಉಬ್ಬಸ ಎಷ್ಟು ಜಾಸ್ತಿಯಾಗಿತ್ತೆಂದರೆ, ಎರಡನೇ ಮಹಡಿಯ ಮನೆಗೆ ಹತ್ತುವಾಗ ನಾಲ್ಕು ಕಡೆ ನಿಲ್ಲುತ್ತಿದ್ದೆ.

ಆಸ್ಪತ್ರೆಯಲ್ಲಿ ಇನ್‌ಹೇಲರ್ ಕೊಟ್ಟರು. ಜೊತೆಗೆ ಫಿಸಿಯೋ ಹುಡುಗಿಯೊಬ್ಬಳು ನನ್ನನ್ನೂ ಯಜಮಾನರನ್ನೂ ಕೂರಿಸಿಕೊಂಡು ಉಸಿರಾಟದ ವ್ಯಾಯಾಮ ಹೇಳಿಕೊಟ್ಟಳು. ಭುಜ ಸಡಿಲ ಬಿಟ್ಟು ಮೂಗಿನಿಂದ ಎರಡು ಎಣಿಸುವವರೆಗೆ ಒಳಗೆ, ಬಿಸಿ ಹಾಲು ಆರಿಸುವಂತೆ ತುಟಿ ಕೂಡಿಸಿ ನಾಲ್ಕು ಎಣಿಸುವವರೆಗೆ ಹೊರಗೆ. ನನಗೆ ಸಿಟ್ಟು ಬಂತು. ಹುಟ್ಟಿದಾಗಿನಿಂದ ಆಡುತ್ತಿರುವ ಉಸಿರನ್ನು ಇವಳಿಂದ ಕಲಿಯಬೇಕೇ? ಒಂದು ದಿನವೂ ಮಾಡಲಿಲ್ಲ. ಬದಲಿಗೆ ನಮ್ಮ ಬೀದಿಯ ಆಂಜನೇಯಸ್ವಾಮಿಗೆ ಹರಕೆ ಹೊತ್ತೆ. ನಲವತ್ತೆಂಟು ದಿನ, ಒಂದು ಮಂಡಲ, ದಿನಾ ಬೆಳಿಗ್ಗೆ ಮನೆಯಲ್ಲಿ ನಿನ್ನ ಪಟಕ್ಕೆ ಸಾಂಬ್ರಾಣಿ ಹಾಕುತ್ತೇನೆ, ಉಬ್ಬಸ ಬಿಡಿಸಪ್ಪಾ ಎಂದು.

ಉಬ್ಬಸ ಇನ್ನೂ ಹೆಚ್ಚಿತು. ಸ್ವಾಮಿ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ಸಾಂಬ್ರಾಣಿಯನ್ನೂ ಹೆಚ್ಚಿಸಿದೆ.

ಮೂವತ್ತೇಳನೆಯ ಬೆಳಿಗ್ಗೆ ಮಂಗಳಾರತಿ ಎತ್ತುವಷ್ಟರಲ್ಲಿ ಎದೆ ಬಿಗಿಯಿತು. ಇನ್‌ಹೇಲರ್ ಎಳೆದರೂ ಮಾತು ಹೊರಡಲಿಲ್ಲ. ಯಜಮಾನರು ಆಟೋ ಹತ್ತಿಸಿದರು. ತುಮಕೂರು ರಸ್ತೆಯಲ್ಲಿ ಲಾರಿಗಳು ಅಲ್ಲಾಡದೆ ನಿಂತಿದ್ದವು. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ಬಾಯಿ ಬಿಟ್ಟು ಎಳೆದಷ್ಟೂ ಗಾಳಿ ಸಾಲುತ್ತಿಲ್ಲ, ಹೆದರಿ ಮತ್ತೂ ಜೋರಾಗಿ ಎಳೆಯುತ್ತಿದ್ದೆ. ಪಿಯುಸಿ ಓದುವ ಮಗಳ ಮುಖ ಕಣ್ಣ ಮುಂದೆ ಬಂತು. ಆಸ್ಪತ್ರೆ ಬಾಗಿಲವರೆಗಾದರೂ ಉಸಿರು ಕೊಡು ತಂದೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಷ್ಟರಲ್ಲಿ ಯಜಮಾನರು ನನ್ನ ಎರಡೂ ಭುಜ ಹಿಡಿದು ಕೆಳಗೆ ಒತ್ತಿದರು. ಲೇತ್ ಮೆಷಿನ್ ನಡೆಸುವ ಮನುಷ್ಯ, ಒಮ್ಮೆ ತೋರಿಸಿದ ಕೆಲಸ ಮರೆಯುವವರಲ್ಲ.

"ಎಳೀಬೇಡ ಕಣೇ, ಮೊದ್ಲು ಬಿಡು. ಹಾಲು ಆರ್ಸು. ನಾನ್ ಎಣಿಸ್ತೀನಿ."

ಅವರು ಎಣಿಸಿದರು, ನಾನು ಊದಿದೆ. ನಡುವೆ ಮತ್ತೆ ಇನ್‌ಹೇಲರ್ ಕೊಟ್ಟರು. ಮೂರು ಸಿಗ್ನಲ್ ದಾಟುವವರೆಗೂ ಅವರ ಎಣಿಕೆ ತಪ್ಪಲಿಲ್ಲ. ಎದೆಯ ಬಿಗಿ ಹೋಗಲಿಲ್ಲ, ಆದರೆ ಗಾಬರಿ ಇಳಿಯಿತು. ಜೀವ ಹಿಡಿದುಕೊಂಡು ಆಸ್ಪತ್ರೆ ಮುಟ್ಟಿದೆ.

ಅಲ್ಲಿ ಮಾಸ್ಕ್ ಕಟ್ಟಲು ಬಗ್ಗಿದ ನರ್ಸ್ ಕೇಳಿದಳು, "ಅಕ್ಕ, ತಲೆಯೆಲ್ಲಾ ಸಾಂಬ್ರಾಣಿ ವಾಸ್ನೆ. ದಿನಾ ಹಾಕ್ತೀರಾ?"

ಮನೆಯಲ್ಲಿ ಹೊಗೆ ಇದೆಯಾ ಎಂದು ಡಾಕ್ಟರ್ ಹಿಂದೆಯೇ ಕೇಳಿದ್ದರು. ಸೌದೆ ಒಲೆ ಇಲ್ಲ, ಯಜಮಾನರು ಬೀಡಿ ಸೇದುವುದಿಲ್ಲ ಎಂದು ಜಂಬದಿಂದ ಹೇಳಿದ್ದೆ. ಆಮೇಲೆ ಹರಕೆ ಹೊತ್ತಾಗಲೂ, ದೇವರ ಧೂಪವೂ ಹೊಗೆಯೇ ಎಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ.

ಹರಕೆ ಅರ್ಧಕ್ಕೇ ನಿಂತಿತಲ್ಲ ಎಂಬ ಭಯ ಹತ್ತಿಕೊಂಡಿತು. ದೇವಸ್ಥಾನದ ಅರ್ಚಕರ ಮುಂದೆ ಎಲ್ಲ ಹೇಳಿಕೊಂಡೆ. ಅವರು ನಗಲಿಲ್ಲ. "ಅವನು ವಾಯುಪುತ್ರ ಕಣಮ್ಮ. ನೀನು ಉಸಿರು ಕೇಳ್ದೆಯಲ್ಲ, ಉಸಿರನ್ನೇ ಒಪ್ಸು," ಎಂದರು.

ಉಳಿದ ಹನ್ನೊಂದು ದಿನ ಸಣ್ಣ ದೀಪವೊಂದನ್ನೇ ಹಚ್ಚಿಟ್ಟು, ದೂರ ಕುಳಿತು, ರಾಮನಾಮದ ಎಣಿಕೆಯಲ್ಲಿ ಆ ಹುಡುಗಿ ಹೇಳಿಕೊಟ್ಟಂತೆಯೇ ಉಸಿರಾಡಿದೆ. ಉಬ್ಬಸ ಪೂರ್ತಿ ಹೋಗಿಲ್ಲ. ಔಷಧಿಯನ್ನು ಡಾಕ್ಟರ್ ಹೇಳಿದಂತೆ ತೆಗೆದುಕೊಳ್ಳುತ್ತೇನೆ, ನೀವೂ ಬಿಡಬೇಡಿ. ಮೆಟ್ಟಿಲಲ್ಲಿ ಈಗ ಒಂದೇ ಕಡೆ ನಿಲ್ಲುತ್ತೇನೆ. ಆಟೋದಲ್ಲಿ ನನ್ನ ಭುಜ ಒತ್ತಿದ ಕೈ ಯಜಮಾನರದೇ, ಒತ್ತಿಸಿದವನು ಆ ಸ್ವಾಮಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮಂಡಲ ಮುಗಿದ ದಿನ ಸ್ವಾಮಿಯ ಪಟ ಒರೆಸಿದೆ. ಬಟ್ಟೆ ಕಪ್ಪಾಯಿತು, ಗಾಜಿನೊಳಗೆ ಅವನ ಮುಖ ಕಂಡಿತು. ಅತ್ತುಬಿಟ್ಟೆ. ಮೂವತ್ತೇಳು ದಿನ ಆ ಹೊಗೆಯನ್ನು ಅವನೂ ನನ್ನ ಜೊತೆ ಕುಡಿದಿದ್ದ.