ಹವಳದ ಪಕ್ಕ ಸಾಹೇಬರ ಸಹಿ

ಸ್ಟುಡಿಯೋ ಅಕ್ಕ ನೀರಿಗಿಳಿದಾಗ ಅವಳಿಗೆ ನಲವತ್ತಾರು. ಅಲ್ಲಿಯವರೆಗೆ ಬಂದರು ರಸ್ತೆಯ ಪುಟ್ಟ ಅಂಗಡಿಯಲ್ಲಿ ಊರಿನ ಅರ್ಧ ಜನರ ಗದ್ದ ಹಿಡಿದು ನೇರ ಮಾಡಿ ಪಾಸ್‌ಪೋರ್ಟ್ ಫೋಟೊ ತೆಗೆದವಳು. ಅವಳ ತಮ್ಮ ದೋಣಿಯವನು. ಪ್ರವಾಸಿಗರನ್ನು ಡೈವಿಂಗಿಗೆ ಕರೆದೊಯ್ಯುತ್ತಿದ್ದ. ನೀರೊಳಗೆ ಅವರ ಫೋಟೊ ತೆಗೆಯಲೆಂದು ಅಕ್ಕನಿಗೂ ಡೈವಿಂಗ್ ಕಲಿಸಿದ. ಅಕ್ಕ ಪ್ರವಾಸಿಗರನ್ನು ಬಿಟ್ಟು ಹವಳದ ಬೆನ್ನು ಹತ್ತಿದಳು.

ಕೆಳಗೆ ಎಲ್ಲವೂ ನೀಲಿ, ಬೂದು. ಫ್ಲ್ಯಾಶ್ ಹಾಕಿದರೆ ಮಾತ್ರ ಕೆಂಪು, ಕಿತ್ತಳೆ ಕಣ್ಣಿಗೆ ರಾಚುತ್ತಿದ್ದವು. ಐದು ವರ್ಷ, ತಿಂಗಳಿಗೊಮ್ಮೆ, ಒಂದು ದೊಡ್ಡದು, ಒಂದು ಚಿಕ್ಕದು, ಅವೇ ಎರಡು ಹವಳದ ದಿಬ್ಬಗಳಿಗೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಳು. ಗುಂಡು ಹವಳ ವರ್ಷವಿಡೀ ತಿಣುಕಿದರೂ ಕಿರುಬೆರಳಿನಗಲ ಬೆಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಬಂದರಿನವರು ದೊಡ್ಡ ಹಡಗುಗಳಿಗಾಗಿ ಸಮುದ್ರದ ತಳ ತೋಡಲು ಹೊರಟರು. ತಳದಲ್ಲಿ ಮರಳು ಬಿಟ್ಟು ಬೇರೇನೂ ಇಲ್ಲ ಎಂದಿತ್ತು ಅವರ ವರದಿ. ಸಾರ್ವಜನಿಕ ಸಭೆಗೆ ಅಕ್ಕ ಅರವತ್ತು ಫೋಟೊ ಹೊತ್ತುಕೊಂಡು ಹೋದಳು.

ಬಂದರಿನ ಅಧಿಕಾರಿ ನಾಲ್ಕು ಫೋಟೊ ಮಗುಚಿ ಹಾಕಿ, "ಚೆನ್ನಾಗಿವೆ. ಆದ್ರೆ ಇಲ್ಲೇ ತೆಗೆದಿದ್ದು ಅಂತ ಹೇಗೆ ನಂಬೋದಮ್ಮ?" ಅಂದರು.

ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ನೀರೊಳಗೆ ಬರೆಯುವ ಪ್ಲಾಸ್ಟಿಕ್ ಹಲಗೆಯನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟಳು.

"ತಾರೀಖು ಹಾಕಿ ಸಹಿ ಮಾಡಿ ಸಾರ್. ನಿಮ್ಮವರೊಬ್ಬರನ್ನ ಜೊತೆಗೆ ಕಳಿಸಿ. ಜಾಗ ನೀವು ತೋಡೋಕೆ ಅಂತ ನಕ್ಷೆಯಲ್ಲಿ ಗುರುತು ಮಾಡಿರೋದೇ."

ಎಲ್ಲರೆದುರು ಆಗಲ್ಲ ಅನ್ನಲಾಗದೆ ಸಾಹೇಬರು ಸಹಿ ಗೀಚಿದರು.

ಮರುದಿನ ಬೆಳಿಗ್ಗೆ ಕಚೇರಿಯ ಗುಮಾಸ್ತ ಜಿಪಿಎಸ್ ಹಿಡಿದು ದೋಣಿ ಹತ್ತಿದ. ದಡ ಮರೆಯಾಗುವ ಮೊದಲೇ ಹೊಟ್ಟೆಯಲ್ಲಿದ್ದುದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದ. ಆದರೂ ನಿಯತ್ತಿನ ಮನುಷ್ಯ. ಅವಳು ಮುಳುಗಿದ ಜಾಗ, ಎದ್ದ ಜಾಗ, ಹೊತ್ತು ಎಲ್ಲವನ್ನೂ ಬರೆದುಕೊಂಡ. ಕ್ಯಾಮೆರಾದಲ್ಲಿ ಫೋಟೊ ನೋಡಿ, "ನಾವು ಮರಳು ಅಂತ ಟೈಪ್ ಮಾಡಿದ್ದು ಇದನ್ನೇನಾ?" ಅಂದ.

ಮುಂದಿನ ಸಭೆಯಲ್ಲಿ ಪರದೆಯ ಮೇಲೆ ಊಟದ ಮೇಜಿನಗಲದ ಹವಳ, ಅದರ ಪಕ್ಕ ಹಲಗೆಯ ಮೇಲೆ ಸಾಹೇಬರ ಸಹಿ. ಅವರು ಕನ್ನಡಕ ಒರೆಸಿಕೊಂಡು ನೋಡಿದರು.

"ಸಹಿ ನನ್ನದೇ," ಅಂದರು.

ಹಡಗು ದಾರಿಯನ್ನು ಆಚೆಗೆ ಸರಿಸಿದರು. ಆದರೆ ಚಿಕ್ಕ ದಿಬ್ಬ ಅಷ್ಟರಲ್ಲೇ, ಬಂದರಿನವರು ಪರೀಕ್ಷೆಗೆಂದು ತಳ ತೋಡಿದಾಗ ಎದ್ದ ಹೂಳಿನಡಿ ಹೂತುಹೋಗಿತ್ತು. ಬಂದರಿನ ನೌಕರರ ಗುರುತಿನ ಚೀಟಿಗೆ ಫೋಟೊ ತೆಗೆಯುವ ಕೆಲಸವೂ ಅವಳ ಕೈತಪ್ಪಿತು.

"ದೊಡ್ಡದು ಉಳೀತಲ್ಲ ಅಕ್ಕ, ಇನ್ನಾದ್ರೂ ಸುಮ್ನಿರು," ಅಂದ ತಮ್ಮ.

"ಚಿಕ್ಕದು ಸತ್ತಿದ್ದಕ್ಕೆ ಯಾರು ಸಾಕ್ಷಿ? ಎಂಜಿನ್ ಶುರು ಮಾಡು."

ತಮ್ಮ ಗೊಣಗುತ್ತಲೇ ಹಗ್ಗ ಬಿಚ್ಚಿದ. ಕೆಳಗೆ ಮಾರು ದೂರವೂ ಕಾಣದಷ್ಟು ಕದಡು. ಅವಳು ಕೈ ಬೀಸಿ ಹೂಳು ಸರಿಸುತ್ತ, ಉಸಿರುಗಟ್ಟಿ ಸತ್ತ ಹವಳಗಳ ಫೋಟೊ ಒಂದೊಂದಾಗಿ ತೆಗೆದಳು. ಇದಕ್ಕೆ ಹೊಣೆ ಯಾರು ಎಂದು ಕೇಳುವ ಅರ್ಜಿಯೊಂದಿಗೆ ಅವನ್ನು ಅದೇ ವಾರ ಬಂದರಿನ ಕಚೇರಿಗೆ ಕೊಟ್ಟಳು. ಸ್ವೀಕೃತಿಯ ಮುದ್ರೆ ಬೀಳುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ.