ಒಂದನೇ ನಂಬರು

ನಮ್ಮ ಮನೆಯ ಒರಳುಕಲ್ಲಿನ ಪಕ್ಕೆಯಲ್ಲಿ ಬಿಳಿ ಬಣ್ಣದಲ್ಲಿ ೬೩ ಎಂದು ಬರೆದಿದೆ. ಬೆಲ್ಲದ ಡಬ್ಬದ ಮೇಲೆ ೨೯. ದೇವರ ಮಣೆಯ ಅಡಿಯಲ್ಲಿ ೪. ಹೊಸಬರು ಮನೆಗೆ ಬಂದರೆ, "ಏನ್ ಮೇಷ್ಟ್ರೇ, ಸಾಮಾನೆಲ್ಲ ಹರಾಜಲ್ಲಿ ತಂದ್ರಾ?" ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ, ಹರಾಜೂ ಅಲ್ಲ, ಜಪ್ತಿಯೂ ಅಲ್ಲ. ಅದು ನಿಂಗಣ್ಣನ ಕೈಬರಹ. ಉಜ್ಜಿದರೆ ಹೋಗುವುದಿಲ್ಲ, ನನ್ನಾಕೆ ಬೂದಿ ಹಾಕಿ, ಹುಣಿಸೆಹಣ್ಣು ಹಾಕಿ ನೋಡಿ ಕೈಬಿಟ್ಟಳು.

ನಿಂಗಣ್ಣ ದುದ್ದದವನು, ಚಿಕ್ಕಂದಿನಲ್ಲಿ ನನ್ನ ಜೊತೆ ಒಂದೇ ಮಣೆಯ ಮೇಲೆ ಕೂತು ಓದಿದವನು. ನಾನು ಮಳವಳ್ಳಿಯಲ್ಲಿ ಮೇಷ್ಟರಾದೆ, ಅವನು ಶಿವನಸಮುದ್ರದ ಹತ್ತಿರ ಬ್ಲಫ್ ಎಂಬ ಊರಿನಲ್ಲಿ ಕರೆಂಟು ಮನೆಯ ಫಿಟ್ಟರಾದ. ಅಲ್ಲಿ ಯಾವ ಯಂತ್ರ ಬಿಚ್ಚಿದರೂ ತುಂಡು ತುಂಡಿಗೂ ನಂಬರು ಹಾಕಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸಬೇಕಂತೆ. ಒಳ್ಳೆಯ ಪದ್ಧತಿಯೇ, ಯಾರು ಬೇಡ ಅಂದರು? ಆದರೆ ನಿಂಗಣ್ಣ ಕೆಲಸ ಮುಗಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಬರುತ್ತಿರಲಿಲ್ಲ. ಜೇಬಿನಲ್ಲಿ ಬಣ್ಣದ ಪುಟ್ಟ ಡಬ್ಬಿ, ಕಿವಿಯ ಮೇಲೆ ಕುಂಚ, ಹೀಗೆಯೇ ಊರೆಲ್ಲ ತಿರುಗುತ್ತಿದ್ದ. ಅವನ ಮನೆಯ ಕೋಳಿಗಳಿಗೂ ನಂಬರಿತ್ತು. ಮಕ್ಕಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏಯ್ ಎರಡನೇದೇ, ಮೇಷ್ಟ್ರಿಗೆ ನೀರ್ ತತ್ತಾ" ಎನ್ನುತ್ತಿದ್ದ. "ಬಿಚ್ಚಿದ್ದಕ್ಕೆಲ್ಲ ನಂಬರ್ ಮಡಗು, ಜೋಡಿಸೋವಾಗ ದೇವ್ರನ್ನ ಕರ್ಯಂಗಿಲ್ಲ ಕಣ್ಲಾ." ಇದು ಅವನ ಮಂತ್ರ.

ದುದ್ದದ ಒಂದು ಮದುವೆಯಲ್ಲಿ ಚಪ್ಪರದ ಹೊರಗೆ ಬಿಟ್ಟಿದ್ದ ಮೆಟ್ಟುಗಳು ಕಲಸಿಹೋಗಬಾರದೆಂದು ಇವನು ತಾನಾಗಿಯೇ ನಂಬರು ಹಾಕಲು ಕೂತ. ಮೊದಲು ಎಡಗಾಲಿನವಕ್ಕೆಲ್ಲ ಒಂದು ಕಡೆಯಿಂದ ನಂಬರು ಹಾಕಿದ. ಆಮೇಲೆ ಬಲಗಾಲಿನವಕ್ಕೆ ಇನ್ನೊಂದು ಕಡೆಯಿಂದ. ಊಟ ಮುಗಿಸಿ ಬಂದವರು ಏಳರ ಎಡ, ಏಳರ ಬಲ ಎಂದು ಹುಡುಕಿ ಮೆಟ್ಟಿಕೊಂಡರೆ ಒಂದು ಮಾವನದು, ಒಂದು ಅಳಿಯನದು! ಮಾವ ಅಳಿಯ ಅರ್ಧ ಗಂಟೆ ಕಿತ್ತಾಡಿದರು. ನಿಂಗಣ್ಣ ಮಾತ್ರ, "ನಂಬರ್ ಸರಿಯಾಗೇ ಅವೆ, ಕಾಲ್ಗಳೇ ತಪ್ಪು" ಎಂದು ವಾದ ಮಾಡುತ್ತಾ ನಿಂತಿದ್ದ.

ಇಂಥವನ ಕೈಗೆ ನಾನು ನನ್ನ ಮನೆ ಸಾಗಿಸುವ ಕೆಲಸ ಕೊಟ್ಟೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ!

ನನಗೆ ಮಂಡ್ಯಕ್ಕೆ ವರ್ಗವಾಗಿತ್ತು. ಅಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಆದರೆ ನಮ್ಮಜ್ಜಿ ಪಂಚಾಂಗದವರನ್ನು ಕೇಳಿಕೊಂಡು ಬಂದು ಹೇಳಿದ್ದು ಇಷ್ಟು: ಬರುವ ತ್ರಯೋದಶಿ ಒಂದೇ ದಿನ ಉಳಿದಿರುವುದು. ಅದು ಹೋದರೆ ಚತುರ್ದಶಿ, ಅಮಾವಾಸ್ಯೆ, ಅದರ ಬೆನ್ನಿಗೇ ಆಷಾಢ. "ತ್ರಯೋದಸಿ ದಿನ ಒತ್ತು ಮುಳುಗೋದ್ರೊಳಗೆ ಒಸ ಮನೇಲಿ ಆಲು ಉಕ್ಕಬೇಕು. ಉಕ್ಕಲಿಲ್ಲಾಂದ್ರೆ ಆಸಾಡ ಮುಗಿಯೋಗಂಟ ನಾನು ಆ ಒಸಲು ದಾಟಕಿಲ್ಲ, ಯಾರ್ನೂ ದಾಟಕ್ಕೂ ಬುಡಾಕಿಲ್ಲ." ಹಳೆಯ ಮನೆಗೆ ಮಾರನೆಯ ಬೆಳಿಗ್ಗೆಯೇ ಬೇರೆಯವರು ಬರುವವರಿದ್ದರು. ಅಂದರೆ ಹಾಲು ಉಕ್ಕದಿದ್ದರೆ ಹೆಂಡತಿ, ಮಕ್ಕಳು, ಅಜ್ಜಿ, ಒರಳುಕಲ್ಲು ಸಮೇತ ನಾನು ಒಂದು ತಿಂಗಳು ಬೀದಿಯಲ್ಲಿ. ಅಜ್ಜಿ ಮಾತು ಅಂದರೆ ಮಾತೇ. ನನ್ನಪ್ಪನೇ ಅವಳೆದುರು ಬಾಯಿ ಬಿಟ್ಟವನಲ್ಲ.

ನಿಂಗಣ್ಣ ನಾಲ್ಕು ದಿನ ರಜ ಹಾಕಿ ಬಂದ. ಬಂದವನೇ ನಮ್ಮ ನಡುಮನೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಲಾರಿ ಬರೆದ. ಚಿತ್ರವಲ್ಲ, ಲಾರಿಯಷ್ಟೇ ಉದ್ದ, ಲಾರಿಯಷ್ಟೇ ಅಗಲ! ಮದ್ದೂರಿನ ಬಾಷಾ ಸಾಬರ ಲಾರಿ ಗೊತ್ತಾಗಿತ್ತು. ಅದನ್ನು ಹೋಗಿ ಹಗ್ಗದಲ್ಲಿ ಅಳೆದುಕೊಂಡೇ ಬಂದಿದ್ದ. ಮೂರು ದಿನ ನಾವು ಅಡಿಗೆಮನೆಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಹತ್ತಿಸಿ ನಡೆಯಬೇಕಾಯಿತು. ನನ್ನಾಕೆ ಮರೆತು ಒಂದು ಹೆಜ್ಜೆ ಇಟ್ಟರೆ, "ತಂಗ್ಯಮ್ಮ, ಚಕ್ರದ್ ಮೇಲ್ ನಿಂತಿದ್ದೀಯ!" ಎಂದು ಕೂಗುತ್ತಿದ್ದ. ಅಜ್ಜಿಗೆ ಮಾತ್ರ ಈ ಆಟ ಬಹಳ ಹಿಡಿಸಿತು. ಮುಂದಿನ ಸೀಟು ಎಂದು ಗೆರೆ ಎಳೆದ ಜಾಗದಲ್ಲಿ ಚಾಪೆ ಹಾಕಿಕೊಂಡು, ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತಳು. "ಬುಡ್ಲಾ ಗಾಡೀಯ, ಮಂಡ್ಯಕ್ಕೆ" ಎಂದು ನಗುತ್ತಿದ್ದಳು.

ಸಾಗಿಸಲು ಕೈಯಾಳಾಗಿ ಬಂದ ಇನ್ನೊಬ್ಬ ಗೆಳೆಯ ಚಿಕ್ಕಣ್ಣ. ಮೂಟೆ ಎತ್ತುವುದರಲ್ಲಿ ಭೀಮ, ಕಿವಿ ಮಾತ್ರ ಸ್ವಲ್ಪ ಮಂದ. ನಮ್ಮಿಬ್ಬರನ್ನು ಜಗಲಿಯ ಮೇಲೆ ಕೂರಿಸಿ ನಿಂಗಣ್ಣ ಪಿಲಾನು ಹೇಳಿದ. "ಒಸ ಮನೆ ಒಳಕ್ಕೆ ಮೊದ್ಲು ಓಗೋದು ಲಾರೀಗೆ ಕೊನೇಲಿ ಅತ್ತಬೇಕು. ಅದ್ಕೇ ಲೋಡು ಎಂಬತ್ತಾರರಿಂದ ಇಂದ್ಕಿಂದಕ್ಕೆ. ಒರಳುಕಲ್ಲು ಅರವತ್ಮೂರು. ದೇವ್ರು ನಾಕು. ಉಪ್ಪಿನ್ ಮಡಕೆ ಮೂರು. ಆಲಿನ್ ಪಾತ್ರೆ ಎಲ್ಡು."

"ಒಂದು ಯಾವ್ದಪ್ಪಾ?" ಎಂದೆ.

"ಅಷ್ಟೂ ಗೊತ್ತಾಗಕಿಲ್ವೇನ್ಲಾ ಮೇಷ್ಟ್ರಾಗಿ? ಎಲ್ಲಾರ್ಗಿಂತ ಮೊದ್ಲು ಒಳಗ್ ಓಗ್ಬೇಕಾದ್ದು ಅಜ್ಜಿ. ಅಜ್ಜೀನೇ ಒಂದು."

ಹಾಗೆಂದವನು ಅಜ್ಜಿಯ ಊರುಗೋಲು ತೆಗೆದುಕೊಂಡು ಅದರ ಹಿಡಿಯ ಕೆಳಗೆ ದಪ್ಪಗೆ ೧ ಎಂದು ಬರೆದ. ಅಜ್ಜಿ ಬೈಯುತ್ತಾಳೆಂದು ನಾನು ಕಾದೆ. ಅವಳು ಕೋಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಚೆಂದಾಗದೆ" ಎಂದಳು.

ತ್ರಯೋದಶಿಯ ಬೆಳಿಗ್ಗೆ ನನ್ನಾಕೆ ಮಕ್ಕಳನ್ನು ಕರೆದುಕೊಂಡು, ಹೊಸ ಮನೆಯ ಅಂಗಳ, ಜಗಲಿ ಸಾರಿಸಿ ಅಜ್ಜಿಗಾಗಿ ಹೊಸ್ತಿಲಾಚೆಯೇ ಕಾಯಲು ಮೊದಲ ಬಸ್ಸಿಗೇ ಹೋದಳು. ಲಾರಿ ಬಂತು. ನಿಂಗಣ್ಣ ಮೇಲೆ ನಿಂತು ಪಟ್ಟಿ ಹಿಡಿದು ಕೂಗುವುದು, ನಾವು ಹೊತ್ತು ತಂದು ಕೊಡುವುದು. ನಲವತ್ತೊಂದರ ಬದಲು ನಲವತ್ತು ತಂದೆನೆಂದು ನನ್ನನ್ನು ವಾಪಸ್ಸು ಕಳಿಸಿದ. ನನ್ನದೇ ಮನೆ, ನನ್ನದೇ ಪೆಟ್ಟಿಗೆ! ಮಧ್ಯಾಹ್ನದ ಹೊತ್ತಿಗೆ ಬೆನ್ನು ಬಿದ್ದುಹೋಗಿತ್ತು. ನಾನು ಲಾರಿ ಹತ್ತಿ ಹಾಸಿಗೆ ಸುರುಳಿಯ ಸಂದಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದೆ. ಅಜ್ಜಿಗೆ ಮುಂದಿನ ಸೀಟು ಇಟ್ಟಿದ್ದೆವು. ಹಿಂದೆ ಕೂತವರಿಗೆ ಅದು ಕಾಣುತ್ತಿರಲಿಲ್ಲ.

"ಎಲ್ಡು?" ಎಂದು ನಿಂಗಣ್ಣ ಕೂಗಿದ.

"ಬಂತು" ಎಂದ ಕೆಳಗಿನಿಂದ ಚಿಕ್ಕಣ್ಣ, ಪಾತ್ರೆ ಕೊಟ್ಟು ಹಗ್ಗ ಕಟ್ಟಲು ತೊಡಗಿದ.

"ಒಂದು?"

"ಬಿಗಿಯಾಗದೆ!"

ಚಿಕ್ಕಣ್ಣ ಹೇಳಿದ್ದು ಹಗ್ಗದ ಮೊದಲನೇ ಗಂಟಿನ ಮಾತು. ನಿಂಗಣ್ಣ ಪಟ್ಟಿಯಲ್ಲಿ ಗುರುತು ಹಾಕಿ, "ರೈಟ್, ಬುಡಿ ಸಾಬ್ರೇ" ಎಂದ. ಬಾಷಾ ಸಾಬರು ಹ್ಯಾಂಡಲ್ ಹೊಡೆದು, ಅಜ್ಜಿ ಬಸ್ಸಿಗೆ ಹೋದಳೇನೋ ಎಂದುಕೊಂಡು ಲಾರಿ ಬಿಟ್ಟರು.

ಮದ್ದೂರಿನಲ್ಲಿ ಇಂಜಿನ್ನಿಗೆ ನೀರು ಹಾಕಲು ಶಿಂಷಾ ಹೊಳೆಯ ಹತ್ತಿರ ನಿಲ್ಲಿಸಿದರು. ನಿಂಗಣ್ಣ ಸುಮ್ಮನಿರುತ್ತಾನೆಯೇ? ದಾರಿಯಲ್ಲಿ ಏನಾದರೂ ಬಿತ್ತೋ ಎಂದು ಎಣಿಸಲು ಶುರುಮಾಡಿದ. ಎಂಬತ್ತಾರು ಇದೆ, ಅರವತ್ಮೂರು ಇದೆ, ಎರಡೂ ಇದೆ. ಕೆಳಗಿಳಿದು ಮುಂದಿನ ಸೀಟಿನ ಹತ್ತಿರ ಹೋದವನು ಅಲ್ಲೇ ನಿಂತ.

"ಒಂದು?" ಎಂದ, ಮೆಲ್ಲಗೆ.

ಸೀಟಿನ ಮೇಲೆ ಬಾಷಾ ಸಾಬರ ಟವೆಲ್ಲು ಬಿಟ್ಟರೆ ಏನೂ ಇರಲಿಲ್ಲ.

ಅಯ್ಯೋ ದೇವರೇ! ಎಂಬತ್ತು ವರ್ಷದ ಮುದುಕಿಯನ್ನು ಖಾಲಿ ಮನೆಯಲ್ಲಿ ಬಿಟ್ಟು ಅವಳ ಒರಳುಕಲ್ಲನ್ನು ಜೋಪಾನವಾಗಿ ತಂದಿದ್ದೆವು. ನಿಂಗಣ್ಣ ಚಿಕ್ಕಣ್ಣನ ಕಡೆ ತಿರುಗಿ, "ನೀನೇ ಅಲ್ವೇನ್ಲಾ ಬಿಗಿಯಾಗದೆ ಅಂದಿದ್ದು?" ಎಂದು ಅಬ್ಬರಿಸಿದ.

"ಅಗ್ಗ ಕಣ್ಲಾ ನಾನ್ ಯೋಳಿದ್ದು! ಅಜ್ಜಿ ಬಿಗಿಯಾಗದೆ ಅಂದ್ರೆ ನಂಬ್ಕೊಂಡ್ ಬುಡೋದೇನ್ಲಾ ನೀನು?"

ಹೊತ್ತು ಆಗಲೇ ಇಳಿಮುಖವಾಗಿತ್ತು. ಮಂಡ್ಯ ಮುಂದಿದೆ, ಅಜ್ಜಿ ಹಿಂದಿದ್ದಾಳೆ. ಸಾಮಾನು ಇಳಿಸಿ ಹಗುರಾಗಿ ಹೋಗೋಣ ಎಂದರೆ ಇಳಿಸುವುದಕ್ಕೇ ಒಂದು ಗಂಟೆ ಬೇಕು. ಬಾಷಾ ಸಾಬರು, "ಹತ್ತಿ ಹತ್ತಿ, ಹಂಗೇ ಹೋಗೋಣ" ಎಂದರು. ಹೊಸ ಮನೆಯ ಎಂಬತ್ತೈದು ಸಾಮಾನೂ ಹಳೆಯ ಮನೆಯ ಕಡೆಗೆ ಹೊರಟವು.

ಅರ್ಧ ದಾರಿಯಲ್ಲಿ ಎದುರಿಗೆ ಮಂಡ್ಯದ ಬಸ್ಸು ಬಂತು. ರಸ್ತೆ ಕಿರಿದು, ನಮ್ಮ ಲಾರಿ ಪಕ್ಕಕ್ಕೆ ಸರಿದು ನಿಂತುಕೊಂಡಿತು. ಬಸ್ಸಿನ ಕಿಟಕಿಯಿಂದ ಒಂದು ಕೋಲು ಹೊರಬಂದು ಜೋರಾಗಿ ಆಡಿತು. ಧೂಳಿನಲ್ಲಿ ಮುಖ ಕಾಣಲಿಲ್ಲ. ಯಾರೋ ದಾರಿ ಬಿಟ್ಟಿದ್ದಕ್ಕೆ ಸಂತೋಷಪಟ್ಟರೆಂದು ನಿಂಗಣ್ಣ ಮೇಲಿನಿಂದ ಸಲಾಮು ಹೊಡೆದ.

ಮಳವಳ್ಳಿಯಲ್ಲಿ ಮನೆಗೆ ಬೀಗ. ಪಕ್ಕದ ಮನೆಯ ಪುಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ಕಾಯುತ್ತಿದ್ದಳು. "ಬಂದ್ರಾ ಗಂಡಸ್ರು! ಆಲು ಉಕ್ಕಿಸಕ್ಕೆ ನಮ್ಮ ಅಸೀನ್ ಆಲೇ ಬೇಕು ಅಂತ ಚೊಂಬ್ ಇಡ್ಕೊಂಡು ಇತ್ಲಿಗೆ ಬಂದಿತ್ತು ಅಜ್ಜಿ. ಆಲ್ ಕರ್ಕೊಂಡ್ ತಿರುಗೋದ್ರೊಳಗೆ ಲಾರೀನೇ ಇಲ್ಲ. ಈಟೊತ್ತು ಕಾದು, ಬಸ್ ಅತ್ಕೊಂಡ್ ಓಯ್ತು."

ಆಗ ನಿಂಗಣ್ಣನಿಗೆ ಕಿಟಕಿಯ ಕೋಲು ನೆನಪಾಯಿತು. "ಸಲಾಮ್ ಬ್ಯಾರೆ ಒಡ್ದೆ ಕಣ್ಲಾ" ಎಂದ.

ಅಲ್ಲಿಂದ ಮಂಡ್ಯದವರೆಗೆ ಅವನು ಪಟ್ಟಿಯನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಎಣಿಸದ ನಿಂಗಣ್ಣನನ್ನು ನಾನು ಮೊದಲ ಸಲ ನೋಡಿದ್ದು. ಮದ್ದೂರು ದಾಟಿದ ಮೇಲೆ ನಮ್ಮ ಕಣ್ಣೆದುರಿಗೇ ಸೂರ್ಯ ಮುಳುಗಿದ. ನನಗೆ ಸಿಟ್ಟಿನಲ್ಲಿ ಹೇಳಬಾರದ್ದು ಬಾಯಿಗೆ ಬಂದು ನಿಂತಿತ್ತು, ಅದನ್ನು ನುಂಗಿಕೊಂಡು ಕೂತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಹೊಸ ಮನೆ ಮುಟ್ಟಿದೆವು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಒಳಗೆ ಗೋಡೆಗೊರಗಿ ಅಜ್ಜಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಯಾರದೋ ಮನೆಯಿಂದ ಎರವಲು ತಂದ ಪಾತ್ರೆ, ಅದರ ಸುತ್ತ ಉಕ್ಕಿ ಹರಿದ ಹಾಲಿನ ಕಲೆ. ಬಸ್ಸಿನ ಕುಲುಕಿಗೆ ಅರ್ಧ ಚೊಂಬು ಹಾಲು ಪಕ್ಕದಲ್ಲಿ ಕೂತವನ ಪಂಚೆಯ ಪಾಲಾಗಿತ್ತಂತೆ. ಉಳಿದರ್ಧವನ್ನು ಹೊತ್ತು ಮುಳುಗುವ ಮುಂಚೆಯೇ ಉಕ್ಕಿಸಿ, ನನ್ನಾಕೆಗೂ ಮಕ್ಕಳಿಗೂ ಒಂದೊಂದು ಗುಟುಕು ಕೊಟ್ಟು ಮುಗಿಸಿದ್ದಳು.

ನಿಂಗಣ್ಣ ಹೋಗಿ ಅವಳ ಕಾಲು ಹಿಡಿದುಕೊಂಡ. "ಅವ್ವಾ, ಬುಟ್ಟೋಗ್ಬುಟ್ಟೆ" ಎಂದ. ಅಳುತ್ತಿದ್ದ.

ಅಜ್ಜಿ ಕೋಲಿನ ತುದಿಯಿಂದ ಅವನ ಬೆನ್ನಿಗೆ ಒಂದು ತಟ್ಟಿದಳು. "ಏಳ್ಲಾ ಮೇಲೆ. ನೀನ್ ಕೊಟ್ಟ ನಂಬರ್‌ಗೆ ಮರ್ವಾದೆ ಉಳ್ಸಿವ್ನಿ. ಎಲ್ಲಾರ್ಗಿಂತ ಮೊದ್ಲು ನಾನೇ ಒಳಕ್ ಓಗ್ಬೇಕು ಅಂತ ನೀನ್ ಅಂದಿದ್ದೆ, ಓಗಿವ್ನಿ. ಇನ್ನು ಎಲ್ಡನ್ನ ಇಳ್ಸು."

ನಿಂಗಣ್ಣ ಕಣ್ಣೊರೆಸಿಕೊಂಡ. ನನ್ನ ಕಡೆ ತಿರುಗಿದಾಗ ಆ ಮುಖದಲ್ಲಿ ಮದುವೆಮನೆಯ ಹಳೆಯ ನಿಂಗಣ್ಣ! "ನೋಡ್ದೇನ್ಲಾ? ಪಿಲಾನ್ ಪರ್ಕಾರವೇ ಆಯ್ತು!"

ಅವನ ಜುಟ್ಟು ಹಿಡಿಯೋಣ ಅನ್ನಿಸಿತು. ಆದರೆ ಅಜ್ಜಿ ನಗುತ್ತಿದ್ದಳು.

ಅಜ್ಜಿ ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಬಾಳಿದಳು. ಅವಳು ಹೋದಾಗ ಬ್ಲಫ್‌ನಿಂದ ಬಂದ ನಿಂಗಣ್ಣ ಬೇರೇನೂ ಕೇಳಲಿಲ್ಲ, ಆ ಊರುಗೋಲು ಕೇಳಿ ತೆಗೆದುಕೊಂಡು ಹೋದ.

ಆಮೇಲೆ ಅವನಿಗೇ ಊರು ಬಿಡುವ ದಿನ ಬಂತು. ಜೋಗದ ಕಡೆ ಹೊಸ ಕರೆಂಟು ಮನೆಯ ಕೆಲಸ ಶುರುವಾಗಿ, ಕೈ ಪಳಗಿದವರು ಬೇಕೆಂದು ಇವನನ್ನು ಕರೆಸಿಕೊಂಡರು. ಸಾಮಾನು ಮದ್ದೂರು ಸ್ಟೇಷನ್ನಿನವರೆಗೆ ಅದೇ ಬಾಷಾ ಸಾಬರ ಲಾರಿಯಲ್ಲಿ, ಅಲ್ಲಿಂದ ಮುಂದೆ ರೈಲಿನಲ್ಲಿ. ನಾನೂ ಚಿಕ್ಕಣ್ಣನೂ ಹೋಗಿ ಹೊತ್ತೆವು. ಹೆಂಡತಿ ಮಕ್ಕಳನ್ನು ಇವನು ಬೆಳಿಗ್ಗೆಯೇ ಮುಂದಿನ ಸೀಟಿನಲ್ಲಿ ಕೂರಿಸಿಬಿಟ್ಟಿದ್ದ. ಲೋಡು ಮುಗಿಯುವವರೆಗೆ ಯಾರಿಗೂ ಇಳಿಯಲು ಬಿಡಲಿಲ್ಲ. ಸ್ಟೇಷನ್ನಿನಲ್ಲಿ ಪಟ್ಟಿ ಓದಿ ಮುಗಿಸಿ, "ಎಲ್ಡು ಬಂತು. ಒಂದು?" ಎಂದು ನನ್ನ ಮುಖ ನೋಡಿದ.

"ಒಂದು ಯಾವುದೋ?"

ಪಟ್ಟಿ ತೋರಿಸಿದ. ಮೊದಲ ಸಾಲಿನಲ್ಲಿ "೧. ಮೇಷ್ಟ್ರು" ಎಂದು ಬರೆದಿತ್ತು. "ಒಸ ಮನೇಗೆ ಮೊದ್ಲು ನೀನ್ ಕಾಲಿಡ್ಬೇಕು ಕಣ್ಲಾ. ಎಲ್ಡು ದಿನ ಇದ್ದು ಬರೀವಂತೆ, ರೈಲ್ ಅತ್ತು."

ಮಾರನೆಯ ದಿನ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ನಾನು ನಕ್ಕು, "ಮುಂದೆ ಹೋಗಿರು, ಬೇಸಿಗೆ ರಜದಲ್ಲಿ ಬರ್ತೀನಿ" ಎಂದೆ. ಅವನು ಪಟ್ಟಿ ಮಡಿಸಿ ಜೇಬಿಗೆ ಹಾಕಿಕೊಂಡ. ರೈಲು ಹೊರಟಾಗ ಕಿಟಕಿಯಿಂದ ಅಜ್ಜಿಯ ಕೋಲು ಆಚೆ ಚಾಚಿ ಆಡಿಸಿದ. ನಾನು ಸಲಾಮು ಹೊಡೆದೆ.

ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ಮಾತಾಡಿದ ಹಾಗೆಯೇ ಬರೆದಿದ್ದ: "ಎಲ್ಲಾ ನೆಟ್ಟಗೆ ಬಂದೊ. ಎಣಿಸ್ದೆ. ಒಂದನೇ ನಂಬರ್ ಬುಟ್ಟೋಯ್ತು. ಬೇಗ ಬಾ."

ಬೇಸಿಗೆಯಲ್ಲಿ ಮಗಳ ಮದುವೆ ಗೊತ್ತಾಯಿತು, ಹೋಗಲಾಗಲಿಲ್ಲ. ದಸರೆಗೆ ಹೋಗೋಣವೆಂದುಕೊಂಡೆ. ದಸರೆಗೆ ಮುಂಚೆ ಆ ಕಾಡಿನ ಚಳಿಜ್ವರ ಅವನನ್ನು ಕರೆದುಕೊಂಡುಹೋಯಿತು. ಅವನ ಹೆಂಡತಿ ಮಕ್ಕಳೊಂದಿಗೆ ದುದ್ದಕ್ಕೆ ವಾಪಸ್ಸು ಬಂದವಳು, ಒಂದು ದಿನ ನಮ್ಮ ಮನೆಗೆ ಬಂದು ಕೋಲು ಕೊಟ್ಟಳು. ಕೋಲಿಗೆ ಸುತ್ತಿ ದಾರ ಕಟ್ಟಿದ್ದ ಕಾಗದ ಬಿಚ್ಚಿದರೆ ಅದೇ ಪಟ್ಟಿ. ಹೊಸ ಮನೆಯಲ್ಲಿ ಸಾಮಾನು ಇಳಿಸಿಕೊಂಡು ಎರಡರಿಂದ ಕೊನೆಯ ನಂಬರಿನವರೆಗೆ ಒಂದೊಂದಕ್ಕೂ ಗುರುತು ಹಾಕಿದ್ದ. ನನ್ನ ಹೆಸರಿನ ಮುಂದೆ ಗುರುತು ಇರಲಿಲ್ಲ.