ಅಕ್ಕನ ಎರಡು ಹೆಸರು

ನಮ್ಮಕ್ಕ ತೀರಿಕೊಂಡಾಗ ಪೇಪರಿನ್ಯಾಗ ಫೋಟೊ ಹಾಕಸಾಕ ಕಮಲಾಪುರದಿಂದ ಕಲಬುರಗಿಗೆ ಹೋಗಿದ್ದೆ. ಅಲ್ಲಿ ಪೇಪರ್ ಆಫೀಸಿನ್ಯಾಗ ಬರಕೊಳ್ಳೋ ಹೆಣ್ಣುಮಗಳು ಅಕ್ಕನ ಆಧಾರ್ ಕಾರ್ಡ್ ನೋಡಿ "ಶಾಂತಾಬಾಯಿ" ಅಂತ ಬರದಳು.

"ಅದು ಲಗ್ನದಾಗ ಗಂಡನ ಮನಿಯವರು ಅಕ್ಕಿ ಮ್ಯಾಲ ಬರದಿಟ್ಟ ಹೊಸ ಹೆಸರವ್ವ. ತವರಿನ್ಯಾಗ ಆಕಿ ನಿಂಗವ್ವ. ಶಾಂತಾಬಾಯಿ ಅಂದ್ರ ನಮ್ಮ ಬಳಗಕ್ಕ ಯಾರು ಸತ್ತಾರಂತ ತಿಳಿಯಂಗಿಲ್ಲ" ಅಂದೆ.

"ಕಾರ್ಡಿನ್ಯಾಗ ಇಲ್ಲದ ಹೆಸರು ಹಾಕಾಕ ಬರಂಗಿಲ್ಲ, ಅಮ್ಮಾ."

"ಅಳೋರು ನಾವೋ, ಕಾರ್ಡೋ?"

ಆಕಿ ನಕ್ಕು ಎರಡೂ ಹೆಸರು ಬರದಳು.

ಮರುದಿನ ಪೇಪರಿನ್ಯಾಗ ಹಾಕಿದ್ದ ನಂಬರಿಗೆ ಕುಸನೂರಿಂದ ಫೋನ್ ಬಂತು. "ನಾ ನಿಮ್ಮ ಸೋದರತ್ತಿ ಮಗಳು. ನಮ್ಮ ನಿಂಗಿ ಹೋದಳೇನು?" ಅಂತ ಒಬ್ಬಾಕಿ ಅತ್ತಳು. ಇಷ್ಟು ವರ್ಷ ಆಕಿ ಎಲ್ಲಿದ್ದಾಳಂತ ನಮಗ ಗೊತ್ತೇ ಇರಲಿಲ್ಲ.

"ನಾ ಹೋದಾಗ ನನ್ನ ಫೋಟೊದ ಕೆಳಗೂ ತವರಿನ ಹೆಸರು ಹಾಕಸು" ಅಂತ ಸೊಸಿಗೆ ಹೇಳಿದೆ.

"ಏನದು, ಅತ್ತಿ?" ಅಂದಳು.

ಒಂದು ಗಳಿಗಿ ನನಗೇ ನೆನಪಾಗಲಿಲ್ಲ ನೋಡ್ರಿ.